ಎರಡು ಸೋರೆಬುರುಡೆ

ನಮ್ಮ ಮನೆಯಲ್ಲಿ ಹೊಳೆಗೆ ಹೊರಟವರಿಗೆ ‘ಹುಷಾರು’ ಅನ್ನುವಂತಿರಲಿಲ್ಲ. ಬೇರೆ ಮನೆಗಳಲ್ಲಿ ಸೀನಬಾರದು, ಖಾಲಿ ಕೊಡ ಎದುರಿಗೆ ತರಬಾರದು ಅನ್ನುವ ಹಾಗೆ ನಮ್ಮ ಮನೆಗೆ ಇದೊಂದು ಹೆಚ್ಚಿನ ಕಟ್ಟಳೆ. ಹರಿಗೋಲು ಹೊತ್ತು ಗಂಡಸರು ಜಗಲಿ ಇಳಿದರೆಂದರೆ ಹೆಂಗಸರು ಬಾಯಿ ಮುಚ್ಚಿಕೊಂಡು, ಬೆನ್ನು ತಿರುಗಿಸಿ ಒಳಗೆ ಹೋಗಬೇಕು. ಹೋಗುವವರನ್ನು ನೋಡಬಾರದು. ಬೇಗ ಬನ್ನಿ ಅನ್ನಬಾರದು. ನೀರು ಜಾಸ್ತಿ ಇದೆಯಂತೆ ಅನ್ನಬಾರದು. ಗಂಗಮ್ಮನ ಮಡಿಲಿಗೆ ಹೋಗುವವನಿಗೆ ಹುಷಾರು ಅಂದರೆ ಆ ತಾಯಿಯ ಮೇಲೆ ಅನುಮಾನ ಪಟ್ಟ ಹಾಗಂತೆ. ಅನುಮಾನ ಪಟ್ಟವರ ಮನೆಯವರನ್ನು ಅವಳು ವಾಪಸು ಕಳಿಸುವುದಿಲ್ಲವಂತೆ. ಇದು ನಮ್ಮಜ್ಜಿಯ ಮಾತು, ಅಂದರೆ ಮನೆಯ ಮಾತು. ಬಿಸಿ ಪಾತ್ರೆ ಮುಟ್ಟುವ ಮಗುವಿಗೆ ಹುಷಾರು ಅನ್ನಬಹುದು, ಒದೆಯುವ ಎಮ್ಮೆ ಹತ್ತಿರ ಕೂತವಳಿಗೆ ಅನ್ನಬಹುದು, ಅಟ್ಟ ಹತ್ತುವವನಿಗೆ ಅನ್ನಬಹುದು. ಪ್ರಾಣ ಹೋಗುವ ಜಾಗಕ್ಕೆ ಹೋಗುವವನಿಗೆ ಮಾತ್ರ ಅನ್ನಬಾರದು. ನನಗೆ ಐವತ್ತು ದಾಟಿದೆ. ಪಾಂಡವಪುರದ ನನ್ನ ಅಡುಗೆಮನೆಯಲ್ಲಿ ಕೂತು ಇದನ್ನು ಬರೆಯುವಾಗಲೂ ಸಿಟ್ಟು ನೆತ್ತಿಗೇರುತ್ತದೆ. ಒಲೆಯ ಮೇಲಿನ ಹಾಲು ಆಗಲೇ ಉಕ್ಕಿ ಚೆಲ್ಲಿತು.

ನಮ್ಮೂರು ಅಕ್ಕಿಹೆಬ್ಬಾಳಿನಿಂದ ಕೆಳಗೆ, ಹೇಮಾವತಿ ಕನ್ನಂಬಾಡಿ ಕಟ್ಟೆಯ ಹಿನ್ನೀರಿಗೆ ಸೇರುವ ಕಡೆ. ತುಂಡು ಹೊಲ, ಒಂದು ಜೊತೆ ಎಮ್ಮೆ, ಉಳಿದ ಬದುಕೆಲ್ಲ ಮೀನು. ನಾಡಹೆಂಚಿನ ಮನೆ. ಮುಂದೆ ಜಗಲಿ, ಜಗಲಿ ದಾಟಿದರೆ ನಡುಮನೆ, ನಡುಮನೆಯ ಮೂಲೆಯಲ್ಲಿ ರಾಗಿ ಹಿಟ್ಟಿನ ದೊಡ್ಡ ಮಡಕೆ, ಅದರಾಚೆ ಹೊಗೆ ಹಿಡಿದ ಅಡುಗೆಮನೆ. ಜಗಲಿಯ ಒಳ್ಳೆಯ ಅರ್ಧ ಹರಿಗೋಲಿಗೆ ಮೀಸಲು. ಬಿದಿರ ಸೀಳಿನಲ್ಲಿ ಹೆಣೆದು, ಗೊಬ್ಬರದ ಚೀಲ ಹೊದಿಸಿ, ಡಾಂಬರು ಬಳಿದ ದುಂಡನೆಯ ದೊಡ್ಡ ಬುಟ್ಟಿ ಅದು. ಗೋಡೆಗೆ ಆತು ಬೋರಲಾಗಿ ಬಿದ್ದಿರುತ್ತಿತ್ತು. ಕೋಳಿ ಅದರ ಕೆಳಗೆ ಮೊಟ್ಟೆ ಇಡುತ್ತಿತ್ತು. ಮೊಟ್ಟೆ ತೆಗೆಯಲು ನಾನು ಕೈ ತೂರಿಸಬಹುದಿತ್ತು, ಕಾಲು ತಾಗಿಸುವಂತಿರಲಿಲ್ಲ. ಹೆಂಗಸರು ಅದನ್ನು ಹತ್ತುವುದಂತೂ ದೂರದ ಮಾತು. ಮಳೆ ಇರಚಲು ಹೊಡೆದರೆ ಮೊದಲು ಹರಿಗೋಲನ್ನು ಒಳಗೆ ತರುತ್ತಿದ್ದರು. ಆಗ ನಡುಮನೆಯಲ್ಲಿ ನಮಗೆ ಮಲಗಲು ಜಾಗ ಉಳಿಯುತ್ತಿರಲಿಲ್ಲ. ಅವ್ವ, ನಾನು, ನನ್ನ ತಮ್ಮ ಮಾದೇವ ಒಲೆಯ ಪಕ್ಕ ಮುದುರಿಕೊಳ್ಳುತ್ತಿದ್ದೆವು. ಡಾಂಬರು, ಮೀನಿನ ಪೊರೆ, ಒದ್ದೆ ಬಲೆ, ಇವುಗಳ ವಾಸನೆ ಬಂದರೆ ನನಗೆ ಇವತ್ತಿಗೂ ಮೊದಲು ಹಸಿವಾಗುತ್ತದೆ, ಆಮೇಲೆ ಎದ್ದು ಕಿಟಕಿ ಮುಚ್ಚುತ್ತೇನೆ.

ಹೊಳೆ ಹಿನ್ನೀರಿಗೆ ಬೀಳುವ ಜಾಗಕ್ಕೆ ಹೊಳೆಬಾಯಿ ಅನ್ನುತ್ತಿದ್ದೆವು. ಬೇಸಿಗೆಯಲ್ಲಿ ಕಟ್ಟೆಯ ನೀರು ಇಳಿದಾಗ ಅಲ್ಲಿ ಮರಳಿನ ದಿಬ್ಬಗಳು ಏಳುತ್ತವೆ, ದನ ನಡೆದುಕೊಂಡೇ ದಾಟುತ್ತವೆ. ಮುಂಗಾರಿನ ಮೊದಲ ಕೆಂಪು ನೀರು ಬಂದಾಗ ಅದೇ ದಿಬ್ಬಗಳ ಮೇಲೆ ಹೊಳೆ ತೆಳ್ಳಗೆ, ಜೋರಾಗಿ ಓಡುತ್ತದೆ. ಬೆಳಗಿನ ತಂಪಿನಲ್ಲಿ ದಾಟಿದರೆ ಪರವಾಗಿಲ್ಲ. ಬಿಸಿಲೇರಿ ಹಿನ್ನೀರಿನ ಕಡೆಯಿಂದ ಗಾಳಿ ಎದ್ದರೆ ಅತ್ತಲಿಂದ ಅಲೆ, ಇತ್ತಲಿಂದ ಸೆಳವು, ಎರಡೂ ದಿಬ್ಬದ ಮೇಲೆ ಎದುರಾಗಿ ನೀರು ಗೋಡೆಯ ಹಾಗೆ ಎದ್ದುನಿಂತು ಕವುಚಿಕೊಳ್ಳುತ್ತದೆ. ದೋಣಿಗಾದರೆ ಮೂತಿ ಇದೆ, ಅಲೆಗೆ ಎದುರಾಗಿ ಹಿಡಿಯಬಹುದು. ಹರಿಗೋಲಿಗೆ ಮೂತಿಯೂ ಇಲ್ಲ ಬಾಲವೂ ಇಲ್ಲ, ಸುಮ್ಮನೆ ಸುತ್ತುತ್ತದೆ. ಬಲೆಯ ಭಾರವನ್ನು ನಡುವಿಗೆ ಹಾಕಿ, ಮಂಡಿಯೂರಿ ತಗ್ಗಿ ಕೂತು ಹುಟ್ಟು ಹಾಕಿದರೆ ಒಂದಿಷ್ಟು ಹಿಡಿತ ಸಿಗುತ್ತದೆ. ನಮ್ಮೂರಿನ ಗಂಡಸರು ನಿಂತುಕೊಂಡು ದಾಟುತ್ತಿದ್ದರು. ಕೂತು ದಾಟಿದವನನ್ನು ಇಡೀ ವರ್ಷ “ಏನ್ಲಾ, ಹೆರಿಗೆಗೆ ಕೂತಿದ್ದೇನ್ಲಾ” ಎಂದು ಆಡಿಕೊಳ್ಳುತ್ತಿದ್ದರು. ಅಷ್ಟು ಕಷ್ಟಪಟ್ಟು ಆಚೆ ಹೋಗುವುದಾದರೂ ಯಾಕೆ ಅಂದರೆ, ಹೊಸ ನೀರಿನ ವಾಸನೆಗೆ ಹಿನ್ನೀರಿನ ಮೀನೆಲ್ಲ ಹೊಳೆಬಾಯಿಯ ಆಚೆ ಬಂದು ಗುಂಪು ಕಟ್ಟುತ್ತವೆ. ನೀರು ಕೆಟ್ಟದಾಗಿರುವ ದಿನಗಳಲ್ಲೇ ಮೀನು ಹೆಚ್ಚು.

ಇಷ್ಟೆಲ್ಲ ಗೊತ್ತಿದ್ದವರು ಏನು ಮಾಡುತ್ತಿದ್ದರು ಗೊತ್ತೇ? ವರ್ಷದಲ್ಲಿ ಮೊದಲ ಸಲ ದಾಟುವ ದಿನ ಹರಿಗೋಲು ಪೂಜೆ. ಸೂರ್ಯ ಮೇಲೆ ಬಂದ ಮೇಲೆಯೇ ಆಗಬೇಕು. ಅಜ್ಜಿ ತಲೆಗೆ ನೀರು ಹಾಕಿಕೊಂಡು, ಹೊಸ ಮಡಕೆಯಲ್ಲಿ ಸಿಹಿ ಪೊಂಗಲು ಬೇಯಿಸಿ, ಹರಿಗೋಲಿನ ಅಂಚಿಗೆಲ್ಲ ಅರಿಶಿನ ಕುಂಕುಮ ಹಚ್ಚಿ, ಎಡೆ ಇಟ್ಟು, ಪ್ರತಿಯೊಬ್ಬ ಗಂಡಸಿನ ಹಣೆಗೂ ಭಂಡಾರ ಇಡುವ ಹೊತ್ತಿಗೆ ಬೇವಿನ ಮರದ ಎಲೆ ಅಲ್ಲಾಡಲು ಶುರುವಾಗುತ್ತಿತ್ತು. ಗಾಳಿ ಎದ್ದಿತೆಂದು ಅದರ ಅರ್ಥ. ಹೊಳೆಬಾಯಿಯಲ್ಲಿ ಏನೂ ಆಗದಿರಲಿ ಎಂದು ಮಾಡುವ ಪೂಜೆ ಅವರನ್ನು ಸರಿಯಾಗಿ ಹೋಗಬಾರದ ಹೊತ್ತಿಗೇ ಹೊಳೆಬಾಯಿಗೆ ಕಳಿಸುತ್ತಿತ್ತು. ಪ್ರತಿ ವರ್ಷ. ಇದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಯಾಕೆಂದರೆ ಹೇಳಿದರೆ ಅದೂ ಹುಷಾರು ಅಂದ ಹಾಗೆಯೇ.

ನಮ್ಮವ್ವ ಹೊಣಕೆರೆ ಕಡೆಯವಳು. ಬಾವಿ ತೋಡಿ ನೀರು ಸೇದಿ ಬೆಳೆದ ಜನ. ಹೊಳೆಯನ್ನು ಮೊದಲ ಸಲ ನೋಡಿದ್ದೇ ಮದುವೆಯಾಗಿ ಬಂದ ದಿನ. ಬಂದ ವರ್ಷವೇ ಪೂಜೆ ಮುಗಿಸಿ ಹೊರಟ ಅಪ್ಪನಿಗೆ ಲೋಕದ ಹೆಂಡತಿಯರೆಲ್ಲ ಹೇಳುವ ಹಾಗೆ “ಉಸಾರಾಗಿ ಓಗ್ಬನ್ನಿ” ಅಂದುಬಿಟ್ಟಳಂತೆ. ಅಜ್ಜಿ ಕೈಯಲ್ಲಿದ್ದ ಸೌಟು ಎಸೆದಳು. ಹರಿಗೋಲು ಕೆಳಗಿಳಿಸಿ, ಎಲ್ಲರೂ ವಾಪಸು ಬಂದು, ಕಾಲು ತೊಳೆದು, ಪೂಜೆ ಮತ್ತೆ ಮೊದಲಿಂದ ಆಯಿತು. ಆ ಕಥೆಯನ್ನು ನಮ್ಮ ಮನೆಯಲ್ಲಿ ವರ್ಷಾ ವರ್ಷಾ ಊಟಕ್ಕೆ ಕೂತಾಗ ನಗೆಚಾಟಿಕೆಯಾಗಿ ಹೇಳುತ್ತಿದ್ದರು. ಅಜ್ಜಿಯಂತೂ ಸಾಯುವವರೆಗೂ ಅವ್ವನನ್ನು ಹೆಸರು ಹಿಡಿದು ಕರೆಯಲಿಲ್ಲ.

“ಲೇ ಹೊಣಕೆರೆಯೋಳೆ, ಮುದ್ದೆಗೆ ಎಸರಿಟ್ಯೇನೇ?”

ಚಿಕ್ಕಯ್ಯ ಜವರ, ಅಪ್ಪನ ತಮ್ಮ, ಅವನೂ ತಮಾಷೆ ಮಾಡುತ್ತಿದ್ದ, ಆದರೆ ಅವನ ತಮಾಷೆಯಲ್ಲಿ ಮುಳ್ಳಿರಲಿಲ್ಲ. ಅವ್ವ ಬಂದಾಗ ಅವನು ಇನ್ನೂ ಮೂಗು ಸುರಿಸುವ ಹುಡುಗ; ಅವಳೇ ಉಣ್ಣಿಸಿ, ತಲೆ ಬಾಚಿ ಬೆಳೆಸಿದ್ದಳು.

“ನಮ್ಮತ್ಗೆ ಊರಲ್ಲಿ ನೀರು ಅಂದ್ರೆ ಕೊಡದಲ್ಲಿ ಇರೋದು ಕಣ್ರಪ್ಪೋ. ಹೊಳೆ ನೋಡುದ್ರೆ ಯಾರೋ ಚೆಲ್ಬುಟ್ಟವ್ರೆ ಅನ್ಕತಾಳೆ.”

“ಆಡ್ಕೊಳಪ್ಪ, ಆಡ್ಕೋ. ನಮ್ಮೂರಲ್ಲಿ ಬಾವಿಗಿಳಿಯೋನ ಸೊಂಟಕ್ಕೆ ಅಗ್ಗ ಕಟ್ಟಿ, ಮೇಲೆ ಇಬ್ರು ಇಡ್ಕೊಂಡಿರ್ತಾರೆ. ಆ ಬಾವಿಲೂ ಗಂಗಮ್ಮನೇ ಇರೋದು. ಅಗ್ಗ ಕಟ್ಟುದ್ರು ಅಂತ ಅವ್ಳೇನೂ ಮುನಿಸ್ಕಂಡಿಲ್ಲ.”

ಚಿಕ್ಕಯ್ಯ ನಗುತ್ತಿದ್ದ. ಅಪ್ಪ ನಗುತ್ತಿರಲಿಲ್ಲ, ಮುದ್ದೆ ಮುರಿಯುವುದನ್ನು ನಿಲ್ಲಿಸಿ ಅವ್ವನನ್ನೇ ನೋಡುತ್ತಿದ್ದ. ಅವಳು ಎದ್ದು ಒಳಗೆ ಹೋಗುತ್ತಿದ್ದಳು.

ಹಗ್ಗ ಹೊಳೆಯಲ್ಲಿ ನಡೆಯುವುದಿಲ್ಲ, ಸೆಳವಿನಲ್ಲಿ ಕಾಲಿಗೆ ಸುತ್ತಿಕೊಂಡರೆ ಅದೇ ಮುಳುಗಿಸುತ್ತದೆ ಎಂದು ಅವಳಿಗೆ ಹೇಳಿದವನೂ ಚಿಕ್ಕಯ್ಯನೇ. ಆಮೇಲೆ ಅವಳ ಕಣ್ಣು ನಮ್ಮ ಮೇಲೆ, ಮಕ್ಕಳ ಮೇಲೆ ಬಿತ್ತು. ನಾವು ಈಜು ಕಲಿಯುವಾಗ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿಕೊಳ್ಳುತ್ತಿದ್ದೆವು. ಈಜು ಬಂದ ದಿನ ಬುರುಡೆ ಬಿಚ್ಚಿ ಎಸೆಯುವುದು, ಆವತ್ತಿನಿಂದ ದೊಡ್ಡವರಾದ ಹಾಗೆ. ಬುರುಡೆ ಮಕ್ಕಳ ಸಾಮಾನು, ಮೀಸೆ ಬಂದವನು ಮುಟ್ಟುವುದಲ್ಲ. ಅವ್ವ ಹಿತ್ತಿಲಿನಲ್ಲಿ ಸೋರೆಬೀಜ ಹಾಕಿದಳು. ಬಳ್ಳಿ ದನದ ಕೊಟ್ಟಿಗೆಯ ಮೇಲೆ ಹಬ್ಬಿತು. ಕಾಯಿಯನ್ನೆಲ್ಲ ಸಾರಿಗೆ ಕುಯ್ದು, ಎರಡನ್ನು ಮಾತ್ರ ಬಿಟ್ಟಳು. ಅವು ನನ್ನ ತಮ್ಮನ ತಲೆಗಿಂತ ದೊಡ್ಡವಾದವು. ಬಳ್ಳಿ ಒಣಗಿದ ಮೇಲೂ ಬಿಡಲಿಲ್ಲ. ತೊಟ್ಟಿನಲ್ಲಿ ತೂತು ಮಾಡಿ ಬೀಜ ಉದುರಿಸಿ, ತೂತಿಗೆ ಮೇಣ ಮೆತ್ತಿ, ಅದರ ಮೇಲೆ ಡಾಂಬರು ಹಚ್ಚಿ, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನೀರಿನಲ್ಲಿ ಒತ್ತಿ ಒತ್ತಿ ನೋಡುತ್ತಿದ್ದಳು, ಗುಳ್ಳೆ ಬರುತ್ತದೆಯೋ ಏನೋ ಎಂದು. ಹಗ್ಗ ಹೊಸೆದು ಎರಡನ್ನೂ ಜೋಡಿಸಿದಳು. ಕಂಕುಳಿನ ಕೆಳಗೆ ಒಂದೊಂದು ಬರುವ ಹಾಗೆ. ಅಳತೆ ಹಾಕಿದ್ದು ನನ್ನ ಮೈಮೇಲೆ.

“ಯಾರ್ಗವ್ವ ಇದು?” ಅಂದೆ.

“ಯಾರು ಕಟ್ಕತಾರೋ ಅವ್ರಿಗೆ. ನಿಮ್ಮಪ್ಪ ಅಂತೂ ಕಟ್ಕಳಕಿಲ್ಲ.”

ಆ ವರ್ಷ ಚಿಕ್ಕಯ್ಯನಿಗೆ ಜ್ವರ ಬಂದು ಆಗಷ್ಟೇ ಬಿಟ್ಟಿತ್ತು. ಗಂಜಿ ಕುಡಿದು ಕುಡಿದು ಮುಖ ಒಣಗಿತ್ತು. ಹೊಸ ನೀರು ಬಂತೆಂದ ಕೂಡಲೆ ಅಪ್ಪ “ಏಳ್ಲಾ, ನಾಳೆ ಪೂಜೆ” ಅಂದ. ಮಾರನೆಯ ದಿನ ಪೂಜೆ ಯಾವತ್ತಿಗಿಂತಲೂ ತಡವಾಯಿತು. ಸೌದೆ ಹಸಿ, ಪೊಂಗಲು ಉಕ್ಕದೆ ಎಡೆ ಇಡುವಂತಿಲ್ಲ. ಬೇವಿನ ಎಲೆ ಆಡುತ್ತಿದ್ದದ್ದು ನನ್ನಂಥ ಹುಡುಗಿಗೂ ಕಾಣುತ್ತಿತ್ತು. ಅಜ್ಜಿ ಹೊರಗೆ ಭಂಡಾರ ಇಡುತ್ತಿದ್ದಾಗ ಅವ್ವ ಚಿಕ್ಕಯ್ಯನನ್ನು ಅಡುಗೆಮನೆಗೆ ಕರೆದಳು. ಬುರುಡೆಗಳನ್ನು ಒಲೆಯ ಹಿಂದಿನಿಂದ ತೆಗೆದಳು.

“ಅತ್ಗೆ, ನಿಂಗೇನ್ ತಲೆ ಕೆಟ್ಟದಾ? ದಡದಲ್ಲಿ ಆ ಪಕ್ಕದ್ಮನೆ ಕೆಂಪ ನೋಡುದ್ರೆ ಮೂರು ಊರಿಗೆ ಯೋಳ್ತಾನೆ.”

“ಕೊಪ್ಪೆ ಒಳಗೆ ಕಟ್ಕೊ. ಯಾರು ನೋಡ್ತಾರೆ? ನಿನ್ ಕಾಲ್ ಇನ್ನೂ ನಡುಗ್ತಾವೆ ಕಣಪ್ಪ. ನಾನು ಏನೂ ಅಂದಿಲ್ಲ, ಆ ಮಾತು ಬಾಯಲ್ಲಿ ತಂದಿಲ್ಲ. ಕಟ್ಕೊ ಅಂತಿದೀನಿ ಅಷ್ಟೇಯ.”

ಚಿಕ್ಕಯ್ಯ ಅವಳ ಮುಖ ನೋಡಿದ. ಮಳೆಗೆ ತಲೆಯಿಂದ ಮಂಡಿಯವರೆಗೆ ಹೊದೆಯುವ ಗೋಣಿಕೊಪ್ಪೆಯನ್ನು ಗೂಟದಿಂದ ತೆಗೆದು, ಬುರುಡೆಗಳನ್ನು ಅದರಲ್ಲಿ ಸುತ್ತಿಕೊಂಡು ಹೋದ. ಕಟ್ಟಿಕೊಂಡನೋ ಇಲ್ಲವೋ ನಮಗೆ ಗೊತ್ತಾಗಲಿಲ್ಲ. ಗೊತ್ತಾಗುವುದಾದರೂ ಹೇಗೆ, ನಾವು ಬೆನ್ನು ತಿರುಗಿಸಿ ನಿಂತಿದ್ದೆವಲ್ಲ.

ಮಧ್ಯಾಹ್ನದ ಹೊತ್ತಿಗೆ ಅಪ್ಪ ಒಬ್ಬನೇ ಬಂದ. ಮೈಯೆಲ್ಲ ಮರಳು, ಹಣೆಯಲ್ಲಿ ರಕ್ತ. ಹೊಳೆಬಾಯಿಯಲ್ಲಿ ಹರಿಗೋಲು ಮಗುಚಿತ್ತು. ಅಪ್ಪ ಅದರ ಅಂಚು ಹಿಡಿದು ದಿಬ್ಬದ ಮೇಲೆ ಬಿದ್ದಿದ್ದ. ಜವರ ಕಾಣಲಿಲ್ಲ ಅಂದ. ಅಜ್ಜಿ ಮಣ್ಣು ತೂರಿಕೊಂಡು ಅತ್ತಳು. ಅತ್ತು ಸುಸ್ತಾದ ಮೇಲೆ ಮೊದಲು ಮಾಡಿದ ಕೆಲಸ ಅಡುಗೆಮನೆಗೆ ಬಂದು ಅವ್ವನ ಜುಟ್ಟು ಹಿಡಿದದ್ದು.

“ಅಂದ್ಯೇನೇ? ಆ ಮಾತು ಅಂದ್ಯೇನೇ ನನ್ ಮಗುಂಗೆ?”

“ಅಂದಿಲ್ಲ ಕಣತ್ತೆ. ನನ್ ಮಕ್ಕಳಾಣೆ ಅಂದಿಲ್ಲ.”

ಅವ್ವ ಅಂದಿರಲಿಲ್ಲ ಅನ್ನುವುದಕ್ಕೆ ನಾನು ಸಾಕ್ಷಿ. ಅಂದಿದ್ದರೆ ಏನಾಗುತ್ತಿತ್ತು, ಗಾಳಿ ಇನ್ನೂ ಜೋರಾಗುತ್ತಿತ್ತೇ? ಆದರೆ ಆ ಹೊತ್ತು ನಾನೂ ಸದ್ಯ ಅನ್ನಲಿಲ್ಲವಲ್ಲ ಎಂದು ಗಂಗಮ್ಮನಿಗೆ ಕೈ ಮುಗಿಯುತ್ತಿದ್ದೆ. ಒಂದು ಮಗುವಿನ ತಲೆಯೊಳಗೆ ಅಷ್ಟು ಚೆನ್ನಾಗಿ ನೆಟ್ಟಿದ್ದರು ಅದನ್ನು.

ದನ ಮನೆಗೆ ಬರುವ ಹೊತ್ತಿಗೆ ಚಿಕ್ಕಯ್ಯ ನಡೆದುಕೊಂಡು ಬಂದ. ಹಿತ್ತಿಲ ಬಾಗಿಲಿಂದ. ಕೊಪ್ಪೆ ಎಲ್ಲೋ ಹೋಗಿತ್ತು, ಅಂಗಿಯ ಮೇಲೆ ಎರಡು ಕಡೆ ಬುರುಡೆ ಹಾಗೇ ಇದ್ದವು. ನೀರು ತನ್ನನ್ನು ಕೆಳಕ್ಕೆ ಎಳೆಯಿತು, ಬುರುಡೆ ಮೇಲಕ್ಕೆ ಎಳೆದವು, ಕೈಕಾಲು ಆಡಿಸಲು ಶಕ್ತಿ ಇರಲಿಲ್ಲ, ಸುಮ್ಮನೆ ತೇಲುತ್ತಾ ಆಚೆ ದಡದ ಜಾಲಿಪೊದೆಗೆ ಸಿಕ್ಕಿಕೊಂಡೆ, ಆಮೇಲೆ ಅಕ್ಕಿಹೆಬ್ಬಾಳಿನ ಸೇತುವೆ ಬಳಸಿಕೊಂಡು ಬಂದೆ ಎಂದು ಅವನು ತೊದಲುತ್ತಾ ಹೇಳಿದ. ಅವ್ವ ಅಳುತ್ತಾ ಹಗ್ಗ ಬಿಚ್ಚುತ್ತಿದ್ದಳು. ಗಂಟು ನೀರಿಗೆ ಬಿಗಿದುಕೊಂಡಿತ್ತು, ಹಲ್ಲಿನಲ್ಲಿ ಕಚ್ಚಿ ಬಿಚ್ಚಿದಳು. ಹಗ್ಗ ಉಜ್ಜಿದ ಕಡೆ ಎದೆಯ ಮೇಲೆ ಬಾಸುಂಡೆ. ನಮ್ಮಪ್ಪ ಬಾಗಿಲಿನಲ್ಲಿ ನಿಂತಿದ್ದ. ಸತ್ತನೆಂದುಕೊಂಡಿದ್ದ ತಮ್ಮನನ್ನು ನೋಡಿ ಅವನ ಬಾಯಿಂದ ಬಂದ ಮೊದಲ ಮಾತನ್ನು ನಾನು ಕಿವಿಯಾರೆ ಕೇಳಿದ್ದೇನೆ.

“ಯಾರಾದ್ರೂ ನೋಡುದ್ರೇನ್ಲಾ?”

ಸತ್ತವರ ಬಗ್ಗೆ ಕೆಟ್ಟದ್ದು ಬರೆಯಬಾರದು ಅನ್ನುತ್ತಾರೆ. ಬರೆಯುತ್ತೇನೆ. ನಮ್ಮಪ್ಪ ಒಳ್ಳೆಯ ದುಡಿಮೆಗಾರ, ಕುಡಿಯುತ್ತಿರಲಿಲ್ಲ, ನನಗೆ ಜಾತ್ರೆ ಬಳೆ ತಂದುಕೊಡುತ್ತಿದ್ದ. ಆ ಮಾತನ್ನೂ ಅವನೇ ಆಡಿದ್ದು.

ಆಮೇಲಿನದ್ದು ಇನ್ನೂ ಹೇಸಿಗೆ. ಗಂಗಮ್ಮನಿಗೆ ಹರಕೆ ತೀರಿಸಲು ಮರಿ ಕಡಿದರು. ಊರಿನ ಮೀನುಗಾರರೆಲ್ಲ ನಮ್ಮ ಜಗಲಿಯಲ್ಲಿ, ಅಂಗಳದಲ್ಲಿ ಊಟಕ್ಕೆ ಕೂತರು. ಅವ್ವ ಬೆಳಗಿನಿಂದ ಮುದ್ದೆ ತೊಳಸಿ ತೊಳಸಿ ಅಂಗೈ ಕೆಂಪಾಗಿತ್ತು, ಬಡಿಸುತ್ತಿದ್ದವಳು ಅವಳೇ. ಅಪ್ಪ ಕೆಂಪಣ್ಣನ ಪಕ್ಕ ಕೂತಿದ್ದ. ಕೆಂಪಣ್ಣ ನಮ್ಮ ಪಕ್ಕದ ಮನೆಯವನು, ಊರಿಗೇ ಒಳ್ಳೆಯ ಈಜುಗಾರ, ಎಲ್ಲರಿಗಿಂತ ಮೊದಲು ನಿಂತು ದಾಟುವವನು.

“ಮೈಮೇಲೆ ಒಂದೆಳೆ ದಾರ ಇರ್ನಿಲ್ಲ ಕಣ್ಲಾ ಕೆಂಪ,” ಅಂದ ಅಪ್ಪ. “ನಂಬಿದ್ದ, ಅಷ್ಟೇಯ. ತಾಯಿ ಮಡ್ಲಲ್ಲಿ ಎತ್ಕೊಂಡೋಗಿ ಆಚೆ ದಡಕ್ಕೆ ಬುಟ್ಲು.”

“ನಂಬ್ದೋರ್ನ ಬುಟ್ಟಾಳಾ ಅವ್ಳು?” ಅಂದ ಕೆಂಪಣ್ಣ. “ಏನ್ಲಾ ಜವರ, ಎಂಗಿತ್ಲಾ ಮಡ್ಲು?”

ಎಲ್ಲರೂ ನಕ್ಕರು. ಚಿಕ್ಕಯ್ಯ ತಲೆ ತಗ್ಗಿಸಿ ಮೂಳೆ ಚೀಪುತ್ತಿದ್ದ. ಅವನ ಅಂಗಿಯ ಒಳಗೆ ಬಾಸುಂಡೆಗೆ ಅವ್ವ ಹಚ್ಚಿದ ಅರಿಶಿನದ ಎಣ್ಣೆ ಬಟ್ಟೆಗೆ ಇಳಿದು ಹಳದಿಯಾಗಿ ಕಾಣುತ್ತಿತ್ತು. ನೋಡುವ ಮನಸ್ಸಿದ್ದವರು ನೋಡಬಹುದಿತ್ತು. ಅವ್ವ ಸಾರಿನ ಪಾತ್ರೆ ಹಿಡಿದು ಅಲ್ಲೇ ನಿಂತಳು. ಬಾಯಿ ತೆರೆದಳು ಅಂತಲೇ ನಾನು ಅಂದುಕೊಂಡೆ. ಅಪ್ಪ ತಲೆ ಎತ್ತಿ ನೋಡಿದ. ಅವಳು ಕೆಂಪಣ್ಣನ ಎಲೆಗೆ ಸಾರು ಬಿಟ್ಟು ಮುಂದೆ ಹೋದಳು.

ಕೆಂಪಣ್ಣನ ಹೆಂಡತಿ ನಿಂಗವ್ವ ಆ ಊರಿನಲ್ಲಿ ಅವ್ವನಿಗಿದ್ದ ಒಬ್ಬಳೇ ಗೆಳತಿ. ಸಂಜೆ ಹೊತ್ತು ಲೋಟ ಹಿಡಿದು ಹೆಪ್ಪಿಗೆ ಮೊಸರು ಕೇಳಿಕೊಂಡು ಬರುತ್ತಿದ್ದಳು. ಅವಳ ಮನೆಯಲ್ಲೂ ಮೊಸರಿರುತ್ತಿತ್ತು, ಬರುವುದಕ್ಕೊಂದು ನೆಪ ಬೇಕಿತ್ತು. ಇಬ್ಬರೂ ಒಲೆಯ ಮುಂದೆ ಕೂತು ಅವರವರ ಅತ್ತೆಯರನ್ನು ಅಣಕಿಸಿ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು. ಮುಂದಿನ ವರ್ಷ ಹೊಸ ನೀರು ಬರುವ ಮುಂಚೆ ಒಂದು ಸಂಜೆ ಅವ್ವ ಅವಳ ಲೋಟಕ್ಕೆ ಮೊಸರು ಹಾಕಿ, ಒಲೆಯ ಹಿಂದಿನಿಂದ ಬುರುಡೆ ತೆಗೆದು, ಕುಕ್ಕೆಯೊಳಗಿಟ್ಟು, ಮೇಲೆ ಹುರುಳಿ ಸಿಪ್ಪೆ ತುಂಬಿ ಕೊಟ್ಟಳು. ಏನೂ ಹೇಳಲಿಲ್ಲ. ನಿಂಗವ್ವ ಕುಕ್ಕೆ ಎತ್ತಿದಳು, ಹಗುರ ನೋಡಿ ಅವ್ವನ ಮುಖ ನೋಡಿದಳು, ಹೋದಳು.

ಮಾರನೆಯ ಬೆಳಗ್ಗೆ ಅಪ್ಪ ಬುರುಡೆಗಳನ್ನು ಪಂಚೆಯಲ್ಲಿ ಮುಚ್ಚಿಕೊಂಡು ವಾಪಸು ತಂದ. ಕೆಂಪಣ್ಣನೇ ಕರೆದು, “ಇದೇನೋ ಮಕ್ಕಳ ಸಾಮಾನು ನಿಮ್ಮನೆದು ನಮ್ಮನೇಲಿ ಬಿದ್ದಿತ್ತು” ಎಂದು ನಗುತ್ತಾ ಕೊಟ್ಟಿದ್ದನಂತೆ.

“ಯಾವೋಳು ಕೊಟ್ಟಿದ್ದು ಇದ್ನ?”

“ನಾನೇ,” ಅಂದಳು ಅವ್ವ. “ಕೆಂಪಣ್ಣಂಗೂ ಮಕ್ಳವ್ರೆ.”

“ನಮ್ಮನೆ ಗಂಡಸ್ರು ಬುರುಡೆ ಕಟ್ಕಂಡ್ ಓಯ್ತಾರೆ ಅಂತ ಟಾಂಟಾಂ ಒಡ್ಸೋಕ್ ಒಂಟಿದ್ಯಾ?”

ಹೊಡೆದ. ಚಿಕ್ಕಯ್ಯ ಜಗಲಿಯಲ್ಲಿದ್ದ, ಎದ್ದು ಹೊರಗೆ ಹೋದ. ಅಪ್ಪ ಗರಗಸ ತಂದು ಎರಡು ಬುರುಡೆಯನ್ನೂ ಉದ್ದಕ್ಕೆ ಸೀಳಿದ. ಅಜ್ಜಿ ಒಳಗಿನ ನಾರು ಕೆರೆದು, ತೊಳೆದು, ಬಿಸಿಲಿಗಿಟ್ಟು, ನಾಲ್ಕು ಚಿಪ್ಪು ಮಾಡಿದಳು. ಒಂದನ್ನು ರಾಗಿ ಹಿಟ್ಟಿನ ಮಡಕೆಗೆ ಹಾಕಿ, “ಇನ್ನಾದ್ರೂ ಉಪಯೋಗಕ್ಕೆ ಬರ್ಲಿ” ಅಂದಳು. ಇನ್ನಾದರೂ! ಅವಳು ಆ ಮಾತು ಆಡುವಾಗ ಅದೇ ಬುರುಡೆಯಿಂದ ಜೀವ ಉಳಿದ ಅವಳ ಮಗ ಹೊರಗೆ ಬೇವಿನ ಮರದ ಕೆಳಗೆ ನಿಂತು ಬೀಡಿ ಸೇದುತ್ತಿದ್ದ.

ಆ ವರ್ಷದ ಹೊಸ ನೀರಿಗೆ ಕೆಂಪಣ್ಣ ನಿಂತುಕೊಂಡು ಹೊಳೆಬಾಯಿಗೆ ಹೋದ, ಬರಲಿಲ್ಲ. ಊರಿಗೇ ಒಳ್ಳೆಯ ಈಜುಗಾರ. ಅವನ ಮನೆಯ ಪೂಜೆಯೂ ನಮ್ಮದರಷ್ಟೇ ತಡವಾಗಿತ್ತು. ಹೆಣ ಸಿಕ್ಕಿದ್ದು ಹಿನ್ನೀರಿನ ಆಚೆ ದಡದಲ್ಲಿ. ಚಿಕ್ಕಯ್ಯ ತೇಲಿ ಹೋಗಿ ಸಿಕ್ಕಿಕೊಂಡಿದ್ದ ಜಾಲಿಪೊದೆಯ ಹತ್ತಿರವೇ. ಊರಿನವರು ಏನು ಮಾತಾಡಿಕೊಂಡರು ಅಂದರೆ, ನಿಂಗವ್ವ ಆ ಮಾತು ಅಂದಿರಬೇಕು, ಅದಕ್ಕೇ ಹೀಗಾಯಿತು. ನಮ್ಮಜ್ಜಿ ಅವಳ ಮನೆಯ ಅಂಗಳದಲ್ಲೇ ನಿಂತು ಹಾಗೆ ಹೇಳಿದಳು. ಗಂಡನನ್ನು ಕಳೆದುಕೊಂಡವಳು ಗೋಡೆಗೆ ಮುಖ ಮಾಡಿ ಕೂತಿದ್ದಳು. ಅವ್ವ ಹೋಗಿ ಪಕ್ಕ ಕೂತಳು. ಅವಳು ತಿರುಗಲಿಲ್ಲ. ಬಹಳ ಕಾಲ ಹೆಪ್ಪು ಕೇಳಿಕೊಂಡು ಬರಲಿಲ್ಲ. ಎಷ್ಟೋ ಕಾಲದ ಮೇಲೆ ಒಂದು ಸಂಜೆ ಲೋಟ ಹಿಡಿದು ಬಂದಳು. ಅವ್ವ ಮೊಸರು ಹಾಕಿದಳು.

ನಾನು ಆ ಮನೆಯಲ್ಲಿ ಬೆಳೆದದ್ದು ಆ ಚಿಪ್ಪಿನಲ್ಲಿ ತೆಗೆದ ಹಿಟ್ಟು ತಿಂದು. ಬೆಳಗ್ಗೆ ಅಂಬಲಿಗೆ, ರಾತ್ರಿ ಮುದ್ದೆಗೆ, ಅವ್ವ ಮಡಕೆಗೆ ಕೈ ಹಾಕಿದಾಗಲೆಲ್ಲ ಚಿಪ್ಪು ಮಡಕೆಯ ಒಳಗೋಡೆಗೆ ತಾಗಿ ಟೊಕ್ ಅನ್ನುತ್ತಿತ್ತು. ಅವಳು ಒಂದು ದಿನವೂ ಅದನ್ನು ಬದಲಾಯಿಸಲಿಲ್ಲ, ಸ್ಟೀಲಿನದ್ದು ಬಂದ ಮೇಲೂ. ನಾನು ದೊಡ್ಡವಳಾದ ಮೇಲೆ, ಮದುವೆಯಾಗಿ ಪಾಂಡವಪುರಕ್ಕೆ ಬಂದ ಮೇಲೆ, ಒಮ್ಮೆ ಹೋದಾಗ ಅಪ್ಪನನ್ನು ನೇರವಾಗಿ ಕೇಳಿದೆ: “ಅಪ್ಪ, ಚಿಕ್ಕಯ್ಯ ನೀರಿಗೆ ಬಿದ್ದ ದಿನ ಗಾಳಿ ಎದ್ದಿತ್ತಲ್ವಾ? ನಿಂಗೆ ಕಾಣ್ನಿಲ್ವಾ?” ಅವನು ಬಲೆ ಹೆಣೆಯುತ್ತಿದ್ದವನು ತಲೆ ಎತ್ತದೆ “ಗಾಳಿ ಯಾವಾಗ್ಲೂ ಇರ್ತದೆ ಕಣವ್ವ” ಅಂದ. ಅಷ್ಟೇ. ಹಾಗೇ ಸತ್ತ. ಚಿಕ್ಕಯ್ಯ ಅದಕ್ಕೂ ಮುಂಚೆಯೇ ಊರು ಬಿಟ್ಟು ಬಾಬುರಾಯನಕೊಪ್ಪಲು ಸೇರಿದ, ಅಲ್ಲಿ ಗಾರೆ ಕೆಲಸ ಕಲಿತ. ಕಾವೇರಿ ಅಷ್ಟು ಹತ್ತಿರ, ಸ್ನಾನಕ್ಕೂ ಇಳಿಯುವುದಿಲ್ಲ.

ಈಗ ತವರಿನ ಮನೆಗೆ ತಾರಸಿ ಬಂದಿದೆ, ನೆಲಕ್ಕೆ ಟೈಲ್ಸು ಬಂದಿದೆ. ಹರಿಗೋಲಿಗೆ ಜಗಲಿಯ ಒಳ್ಳೆಯ ಅರ್ಧ ಈಗಲೂ ಇದೆ. ಈ ವರ್ಷ ಮೊದಲ ನೀರಿನ ಪೂಜೆಗೆಂದು ಹೋದೆ. ಮಾದೇವನ ಮಗ ರಘು ಈ ಸಲ ಮೊದಲ ಬಾರಿಗೆ ತಾನೇ ಹುಟ್ಟು ಹಿಡಿದು ಹೊಳೆಬಾಯಿ ದಾಟುವವನಿದ್ದ. ಜಗಲಿಯಲ್ಲಿ ಒಂದು ಕಿತ್ತಳೆ ಬಣ್ಣದ ದಪ್ಪನೆಯ ದಿಂಬು ಬಿದ್ದಿತ್ತು. ಎತ್ತಿ ನೋಡಿದರೆ ದಿಂಬಲ್ಲ, ನೀರಿನಲ್ಲಿ ತೇಲಿಸುವ ಜಾಕೀಟು, ಪಟ್ಟಿ ಎಲ್ಲ ಮಡಿಚಿ ಒಳಗೆ ತೂರಿಸಿದ್ದರು. ಇನ್ನೊಂದು ಟ್ರಾಕ್ಟರಿನ ಸೀಟಿನ ಮೇಲಿತ್ತು.

“ಇದ್ಯಾಕ್ಲಾ ಇಲ್ಲಿ ಬಿದ್ದದೆ?” ಅಂದೆ ತಮ್ಮನಿಗೆ.

“ಅದಾ? ಯಾರೋ ಬಂದು ಕೊಟ್ಬುಟ್ಟು ಫೋಟೋ ತೆಗಿಸ್ಕಂಡ್ ಓದ್ರು ಕಣಕ್ಕ. ಸೆಕೆ, ಬಲೆ ಎಳಿಯಾಕೆ ತೋಳ್ ಆಡಕಿಲ್ಲ. ಟೀವಿ ನೋಡಕ್ಕೆ ತಲೆಗೆ ಸಂದಾಕದೆ.”

ನನ್ನ ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಅಪ್ಪನನ್ನು, ಅಜ್ಜಿಯನ್ನು ಎಲ್ಲ ಎಳೆದು ಜಗಲಿಗೆ ಹಾಕಿದೆ. ಮಾದೇವ “ಪೂಜೆ ದಿನ ಅಪಶಕುನ ನುಡೀಬ್ಯಾಡ ಕಣಕ್ಕ” ಅಂದ. ಆ ದನಿ ಸಾಕ್ಷಾತ್ ಅಪ್ಪನದೇ. ಪೂಜೆ ಎಂದಿನಂತೆ ತಡವಾಯಿತು. ಬೇವಿನ ಎಲೆ ಆಡತೊಡಗಿದವು. ಗಂಡಸರು ಹರಿಗೋಲು ಹೊತ್ತು ಇಳಿದರು. ನಾನು ತಿರುಗಿ ನೋಡಿದರೆ ಅವ್ವ ಜಗಲಿಯಲ್ಲಿಲ್ಲ.

ಕಣ್ಣಿಗೆ ಪೊರೆ ಬಂದವಳು, ಕೋಲೂರಿಕೊಂಡು ಹಿತ್ತಿಲ ದಾರಿಯಿಂದ ಹೊಳೆದಡಕ್ಕೆ ಹೋಗಿದ್ದಳು. ನಾನು ಓಡಿಹೋಗುವ ಹೊತ್ತಿಗೆ ಹರಿಗೋಲು ನೀರಂಚಿನಲ್ಲಿತ್ತು, ಬಲೆ ಒಳಗಿಟ್ಟಿದ್ದರು, ಬಲೆಯ ಮೇಲೆ ಅವ್ವ ಕೂತಿದ್ದಳು. ಹುಟ್ಟಿದ ಮೇಲೆ ಒಂದು ಸಲವೂ ಹರಿಗೋಲಿಗೆ ಕಾಲಿಡದವಳು, ನೀರು ಅಂದರೆ ಜೀವ ಬಿಡುವವಳು. ಎರಡು ಕೈಯಲ್ಲೂ ಅಂಚು ಬಿಗಿಯಾಗಿ ಹಿಡಿದಿದ್ದಳು. ದಡದ ಗಂಡಸರೆಲ್ಲ ಬೆಪ್ಪಾಗಿ ನಿಂತಿದ್ದರು.

“ಅಜ್ಜಿ, ಏಳಜ್ಜಿ. ಗಾಳಿ ಜೋರಾಯ್ತದೆ, ಓಗ್ಬೇಕು,” ಅಂದ ರಘು.

“ಆ ಕೇಸರಿದು ತಂದು ಕಟ್ಕೊ. ಏಳ್ತೀನಿ.”

“ಎಲ್ರೂ ನಗ್ತಾರೆ ಕಣಜ್ಜಿ.”

“ನಗ್ಲಿ. ನಿನ್ ಚಿಕ್ಕಜ್ಜ ಜವರನ್ನ ಉಳ್ಸಿದ್ದು ಯಾರು ಅನ್ಕಂಡಿದ್ದೀಯ? ಗಂಗಮ್ಮ ಅಲ್ಲ ಕಣ್ಲಾ. ನನ್ ಸೋರೆಕಾಯಿ. ಕೊಪ್ಪೆ ಒಳಗೆ ಕಟ್ಕಂಡಿದ್ದ. ನಿಮ್ ತಾತ ಸುಳ್ಳು ಯೋಳ್ದ. ಊರಿಗೆಲ್ಲ ಉಣ್ಣಾಕಿಕ್ಕಿ ಸುಳ್ಳು ಯೋಳ್ದ. ಆ ಸುಳ್ಳು ನಂಬಿ ಕೆಂಪಣ್ಣ ಓದ.”

ಮಾದೇವ “ಅವ್ವಾ” ಎಂದು ಗದರಿದ. ಅವನ ಹಿಂದಿನಿಂದ ನಿಂಗವ್ವ ಬಂದಳು. ಪಕ್ಕದ ಮನೆಯವಳಿಗೆ ಗಲಾಟೆ ಕೇಳಿಸಿತ್ತು. ಅವಳಿಗೂ ಈಗ ಸೊಂಟ ಬಗ್ಗಿದೆ. ಅವ್ವ ಅವಳ ಕಡೆ ಮುಖ ಮಾಡಿದಳು, ಕಂಡಿತೋ ಇಲ್ಲವೋ.

“ನಿಂಗವ್ವ, ನಿಂಗೆ ಯೋಳ್ಬೇಕಿತ್ತು ಕಣೆ ನಾನು.”

“ಏನ್ ಯೋಳ್ಬೇಕಿತ್ತು? ಬುರುಡೆ ಮೇಲೆ ಅಗ್ಗದ ಗುರ್ತಿತ್ತು, ಅಗ್ಗದಲ್ಲಿ ಜಾಲಿಮುಳ್ಳಿತ್ತು. ನಂಗೇನು ಕಣ್ಣಿರ್ನಿಲ್ವಾ?” ಅಂದಳು ನಿಂಗವ್ವ. “ನಾನು ನಮ್ಮನೆಯೋರಿಗೆ ಅಂದಿದ್ದೆ. ಜವರ ಉಳಿದಿದ್ದು ಇದ್ರಿಂದ್ಲೇ, ಕಟ್ಕೊಳಿ ಅಂದಿದ್ದೆ. ನಗ್ತಾ ತಕ್ಕೊಂಡೋಗಿ ನಿಮ್ಮೆಜಮಾನ್ರಿಗೆ ಕೊಟ್ರು. ಒಂಟಾಗ ಬಾಗ್ಲಲ್ಲಿ ನಿಂತ್ಕಂಡು ಉಸಾರು ಅಂತಾನೂ ಅಂದೆ. ಗಟ್ಟಿಯಾಗೇ ಅಂದೆ.”

ಗೊತ್ತಿಲ್ಲದೆ ಆಯಿತು ಎಂದು ನಾನು ಅಲ್ಲಿಯವರೆಗೆ ಎಲ್ಲೋ ಒಂದು ಮೂಲೆಯಲ್ಲಿ ಅಂದುಕೊಂಡಿದ್ದೆ. ಆ ಜನಕ್ಕೆ ತಿಳಿಯದು, ಕಾಲ ಹಾಗಿತ್ತು ಎಂದು ಅವರಿಗೊಂದು ರಿಯಾಯಿತಿ ಕೊಟ್ಟಿದ್ದೆ. ಆ ದಡದ ಮೇಲೆ ನಿಂತು ಅದನ್ನೂ ವಾಪಸು ತೆಗೆದುಕೊಂಡೆ. ಎರಡು ಮನೆಯ ಒಲೆಯ ಮುಂದೂ ಗೊತ್ತಿತ್ತು. ಹೇಳಿಯೂ ಆಗಿತ್ತು. ಒಂದು ಮನೆಯಲ್ಲಿ ಹೊಡೆದರು, ಇನ್ನೊಂದು ಮನೆಯಲ್ಲಿ ನಕ್ಕರು.

ನಾನು ಜಗಲಿಯಿಂದ ದಿಂಬನ್ನು ತಂದೆ, ಟ್ರಾಕ್ಟರಿನ ಸೀಟಿನದನ್ನೂ ತಂದೆ. ಒಂದನ್ನು ರಘುವಿನ ಜೊತೆ ಹೋಗುವ ಹುಡುಗನ ಮೇಲೆ ಎಸೆದೆ. ಪಟ್ಟಿ ಹೇಗೆ ಹಾಕಬೇಕೆಂದು ಅವರಿಗೇ ಗೊತ್ತಿರಲಿಲ್ಲ. ನಿಂಗವ್ವ ಬಗ್ಗಿ ಬಗ್ಗಿ ಎಳೆದು ಬಿಗಿದಳು. ಯಾರೋ ಹಿಂದೆ ಕಿಸಕ್ಕೆಂದರು. ಅವಳು ತಿರುಗಿ ನೋಡಿದಳು, ನಗು ನಿಂತಿತು. ರಘು ಅವ್ವನನ್ನು ಎತ್ತಿ ದಡಕ್ಕೆ ಇಳಿಸಿದ. ಅವಳ ಸೀರೆಯ ಹಿಂಭಾಗಕ್ಕೆಲ್ಲ ಡಾಂಬರು ಹತ್ತಿತ್ತು.

“ಕೂತ್ಕಂಡು ದಾಟು,” ಅಂದಳು. “ಗಾಳಿ ಜಾಸ್ತಿ ಕಂಡ್ರೆ ದಿಬ್ಬದ ಈಚೆನೇ ನಿಲ್ಲು, ಸಂಜೆ ಇಳಿದ ಮ್ಯಾಲೆ ಓಗು. ಉಸಾರು ಕಣ್ ಮಗ.”

ನಾವು ಮೂವರೂ ಬೆನ್ನು ತಿರುಗಿಸದೆ ಅಲ್ಲೇ ನಿಂತೆವು. ಹರಿಗೋಲು ಸುತ್ತುತ್ತಾ ಇಳಿಯಿತು. ಕೆಂಪು ನೀರಿನ ಮೇಲೆ ಕಿತ್ತಳೆ ಬಣ್ಣದ ಎರಡು ಚುಕ್ಕೆ ದೂರದವರೆಗೆ ಕಾಣುತ್ತಿದ್ದವು. ಹೊಳೆಬಾಯಿಯ ಹತ್ತಿರ ಒಂದಷ್ಟು ಹೊತ್ತು ನಿಂತವು. ಕಾದವು. ಆಮೇಲೆ ಎದ್ದವು, ಬಿದ್ದವು, ಆಚೆ ಹೋದವು.

“ದಾಟ್ದಾ?” ಅಂದಳು ಅವ್ವ. ಅವಳಿಗೆ ಕಾಣುತ್ತಿರಲಿಲ್ಲ.

“ದಾಟ್ದ ಕಣವ್ವ.”

“ಅದ್ನ ಬಿಚ್ಚಾಕಿಲ್ಲ ತಾನೆ?”

“ಇಲ್ಲ ಕಣೆ, ಮೈಮೇಲೇ ಅದೆ,” ಅಂದಳು ನಿಂಗವ್ವ.

“ಬಿಚ್ಚಾಕುದ್ರೆ ಯೋಳು,” ಅಂದಳು ಅವ್ವ, ಕೋಲಿಗೆ ಕೈ ಚಾಚುತ್ತಾ. “ಸಂಜೆ ಅವ್ನಿಗೆ ಮುದ್ದೆ ಇಕ್ಕಕಿಲ್ಲ.”